ಕೆಂಪು ಪುಡಿ, ಕಂದು ಹಿಟ್ಟು ಮತ್ತು ಒಂದು ಪಾತ್ರೆ ಗಂಬೋ

ಬೆಂಗಳೂರಿನಲ್ಲಿ ಕೇಜನ್ ಅಂದರೆ ಆಲೂಗಡ್ಡೆ. ಗ್ರಿಲ್ ಬಫೆ ಹೋಟೆಲುಗಳಲ್ಲಿ ಟೇಬಲ್ಲಿಗೆ ಬರುತ್ತದಲ್ಲ, ಸಣ್ಣ ಆಲೂಗಡ್ಡೆ ಜಜ್ಜಿ, ಕರಿದು, ಮೇಲೆ ಮಯೋನೀಸ್ ಸುರಿದು, ಕೆಂಪು ಪುಡಿ ಉದುರಿಸಿದ್ದು, ಅದು. ನನ್ನ ಮಗಳು ಅದೊಂದನ್ನೇ ತಟ್ಟೆಗಟ್ಟಲೆ ತಿಂದು ಎದ್ದು ಬರುತ್ತಾಳೆ. ಕೊಟ್ಟ ದುಡ್ಡು ಗಿಟ್ಟಲಿಲ್ಲ ಅಂತ ಅವಳಪ್ಪನಿಗೆ ಸಂಕಟ. ನಾನೂ ತಿಂತೇನೆ. ರುಚಿಯಾಗಿರುತ್ತದೆ, ಸುಳ್ಳು ಯಾಕೆ ಹೇಳಲಿ. ಈಗಂತೂ ಫ್ರೈಸ್, ಪನೀರ್, ಪಿಜ್ಜಾ, ಮಖಾನಾ ಎಲ್ಲದಕ್ಕೂ ಕೇಜನ್ ಹೆಸರು ಅಂಟಿಕೊಂಡಿದೆ. ಸೂಪರ್ ಮಾರ್ಕೆಟಿನಲ್ಲಿ ಪುಡಿಯ ಡಬ್ಬಿಯೂ ಸಿಗುತ್ತದೆ. ಪ್ಯಾಪ್ರಿಕಾ, ಕೇಯೆನ್ ಮೆಣಸಿನ ಪುಡಿ, ಬೆಳ್ಳುಳ್ಳಿ ಪುಡಿ, ಈರುಳ್ಳಿ ಪುಡಿ, ಕಾಳುಮೆಣಸು, ಒಣ ಥೈಮ್, ಒರೆಗಾನೋ, ಮತ್ತೆ ಕೈ ತುಂಬ ಉಪ್ಪು.

ನನ್ನ ತಕರಾರು ಪುಡಿಯ ಮೇಲಲ್ಲ. ಕೇಜನ್ ಅನ್ನುವುದು ಅಮೆರಿಕದ ಲೂಯಿಸಿಯಾನಾ ರಾಜ್ಯದ ಒಂದು ಜನಾಂಗದ ಹೆಸರು. ಆ ಜನರ ಅಡುಗೆ ಅಂದರೆ ಖಾರ ಅಂತ ನಾವು ತೀರ್ಮಾನ ಮಾಡಿಬಿಟ್ಟಿದ್ದೇವೆ, ಅದರ ಮೇಲೆ. ಅವರ ಮನೆ ಅಡುಗೆ ತಿಂದು ನೋಡಿದರೆ ನಮ್ಮ ನಾಲಿಗೆಗೆ ಖಾರ ತಟ್ಟುವುದೇ ಕಡಿಮೆ. ಅಲ್ಲಿ ಮೊದಲು ಸಿಗುವ ರುಚಿ ಹುರಿದ ರುಚಿ. ಹುರಿದ ಹಿಟ್ಟು, ಬಾಡಿಸಿದ ಈರುಳ್ಳಿ, ತಳ ಹಿಡಿಯುವ ತನಕ ಬಿಟ್ಟು ಕೆರೆದ ಮಾಂಸ. ನಾನು ಸುರತ್ಕಲ್‌ನವಳು. ತೆಂಗಿನಕಾಯಿ ತುರಿಯನ್ನು ಕೆಂಪಗೆ ಹುರಿಯುವ ತನಕ ಸಾರಿಗೆ ಕೈ ಹಾಕಬಾರದು ಅಂತ ಕಲಿತು ಬಂದವಳು. ಹಾಗಾಗಿ ಅವರ ಅಡುಗೆಮನೆಯ ವಾಸನೆ ನನಗೆ ಹೊಸತು ಅನ್ನಿಸಲಿಲ್ಲ.

ತಮ್ಮ ಹ್ಯೂಸ್ಟನ್‌ನಲ್ಲಿ ಇದ್ದಾನೆ. ಅವನ ಮನೆಗೆ ಹೋದಾಗ ಕಾರಿನಲ್ಲಿ ಲೂಯಿಸಿಯಾನಾಕ್ಕೆ ಕರೆದುಕೊಂಡು ಹೋದ. ಹ್ಯೂಸ್ಟನ್‌ನಿಂದ ಲಫಾಯೆಟ್ ಊರಿಗೆ ಸುಮಾರು 350 ಕಿಲೋಮೀಟರ್. ಬೆಂಗಳೂರಿಂದ ಮಂಗಳೂರು ಎಷ್ಟೋ ಅಷ್ಟೇ, ಆದರೆ ನಡುವೆ ಘಾಟಿ ಇಲ್ಲ, ಎಲ್ಲ ಸಪಾಟು. ದಾರಿಯುದ್ದಕ್ಕೂ ಗದ್ದೆ, ನೀರು, ಜೌಗು. ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿ, ಒಳಗಿಂದ ಬಿಸಿ ಬಿಸಿ ಬೂಡಾನ್ ತಂದುಕೊಟ್ಟ. ಹಂದಿಮಾಂಸ, ಸ್ವಲ್ಪ ಲಿವರ್, ಈರುಳ್ಳಿ ಸೊಪ್ಪು, ಅನ್ನ ಎಲ್ಲ ಸೇರಿಸಿ ಕರುಳಿನ ಚರ್ಮದೊಳಗೆ ತುಂಬಿ ಬೇಯಿಸಿದ್ದು. ತುದಿ ಕಚ್ಚಿ, ಒಳಗಿನದನ್ನು ಹಿಂಡಿಕೊಂಡು ತಿನ್ನಬೇಕು. ಒಳ್ಳೆಯ ಬೂಡಾನ್ ಬೇಕಾದರೆ ಪೆಟ್ರೋಲ್ ಬಂಕಿಗೇ ಹೋಗಬೇಕು ಅಂತ ಅಲ್ಲಿಯವರು ಗಂಭೀರವಾಗಿಯೇ ಹೇಳುತ್ತಾರೆ. ನಮ್ಮಲ್ಲಿ ಒಳ್ಳೆ ಬನ್ಸ್‌ಗೆ ಹೆದ್ದಾರಿ ಬದಿಯ ಸಣ್ಣ ಹೋಟೆಲು ಹುಡುಕಿದ ಹಾಗೆ.

ಈ ಕೇಜನ್ನರು ಯಾರು, ಎಲ್ಲಿಂದ ಬಂದರು ಅನ್ನುವುದು ಗೊತ್ತಿಲ್ಲದೆ ಈ ಊಟ ಅರ್ಥ ಆಗುವುದಿಲ್ಲ. 1600ರ ದಶಕದಲ್ಲಿ ಫ್ರಾನ್ಸಿನಿಂದ ಬಂದ ರೈತರು ಈಗಿನ ಕೆನಡಾದ ನೋವಾ ಸ್ಕೋಷಿಯಾ ಕಡೆ ನೆಲೆಸಿದ್ದರು. ಆ ಜಾಗಕ್ಕೆ ಅಕೇಡಿ ಅಂತ ಹೆಸರು. 1713ರಲ್ಲಿ ಅದು ಬ್ರಿಟಿಷರ ಕೈಗೆ ಹೋಯಿತು. ಬ್ರಿಟಿಷ್ ರಾಜನಿಗೆ ಷರತ್ತಿಲ್ಲದೆ ನಿಷ್ಠೆಯ ಪ್ರಮಾಣ ಮಾಡಿ ಅಂದರೆ ಇವರು ಒಪ್ಪಲಿಲ್ಲ. 1755ರಲ್ಲಿ ಬ್ರಿಟಿಷರು ಮನೆಗಳಿಗೆ ಬೆಂಕಿ ಇಟ್ಟು, ಜನರನ್ನು ಹಡಗಿಗೆ ತುಂಬಿ ಓಡಿಸಲು ಶುರು ಮಾಡಿದರು. ಎಂಟು ವರ್ಷಗಳಲ್ಲಿ 10 ಸಾವಿರಕ್ಕಿಂತ ಜಾಸ್ತಿ ಮಂದಿ ದಿಕ್ಕಾಪಾಲಾದರು. ಅಲ್ಲಿ ಇಲ್ಲಿ ಅಲೆದು ಒಂದಷ್ಟು ಜನ 1765ರ ಹೊತ್ತಿಗೆ ಲೂಯಿಸಿಯಾನಾ ಸೇರಿದರು. 1785ರಲ್ಲಿ ಫ್ರಾನ್ಸಿನಿಂದಲೇ ಏಳು ಹಡಗುಗಳಲ್ಲಿ ಸುಮಾರು 1,600 ಮಂದಿ ಬಂದರು. ಆಗ ಆ ನೆಲ ಸ್ಪೇನಿನವರದ್ದು.

ಒಮ್ಮೆ ಯೋಚನೆ ಮಾಡಿ. ಗೋಧಿ, ಚಳಿ, ಕಾಡ್ ಮೀನು, ಎಲೆಕೋಸು ಗೊತ್ತಿದ್ದವರು. ಬಂದು ಬಿದ್ದದ್ದು ಸೆಕೆ, ಸೊಳ್ಳೆ, ಮೊಸಳೆಯ ಅಣ್ಣತಮ್ಮ ಅಲಿಗೇಟರ್ ಇರುವ ಜೌಗಿಗೆ. ಗೋಧಿ ಅಲ್ಲಿ ಆಗದು. ಭತ್ತ, ಮುಸುಕಿನ ಜೋಳ ಆಗುತ್ತದೆ. ತಿನ್ನಬಹುದಾದದ್ದು ಯಾವುದು ಅಂತ ಯಾರಾದರೂ ತೋರಿಸಿಕೊಡಬೇಕಾಗಿತ್ತು. ತೋರಿಸಿದವರಲ್ಲಿ ಅಲ್ಲಿಯ ಮೂಲದ ಚಾಕ್ಟಾ ಜನ ಇದ್ದರು, ಆಫ್ರಿಕಾದಿಂದ ಗುಲಾಮರಾಗಿ ಎಳೆದು ತಂದವರು ಇದ್ದರು, ಮೊದಲೇ ಬಂದು ನೆಲೆಸಿದ್ದ ಜರ್ಮನ್ನರೂ ಇದ್ದರು. ಈ ಎಲ್ಲರೂ ಒಂದೇ ಪಾತ್ರೆಗೆ ಬಿದ್ದದ್ದು ಗಂಬೋದಲ್ಲಿ.

ಗಂಬೋ ಅಂದರೆ ಸಾರಿಗಿಂತ ಗಟ್ಟಿ, ಗಸಿಗಿಂತ ತೆಳು. ಅನ್ನದ ಮೇಲೆ ಸುರಿದುಕೊಂಡು ತಿನ್ನುವುದು. ಅದನ್ನು ದಪ್ಪ ಮಾಡಲು ಮೂರು ದಾರಿ ಇವೆ. ಒಂದು ಬೆಂಡೆಕಾಯಿ. ಅದು ಅಮೆರಿಕಕ್ಕೆ ಹೋದದ್ದು ಆಫ್ರಿಕಾದ ಜನರ ಜೊತೆ. ಇನ್ನೊಂದು ಫಿಲೇ, ಸಾಸಾಫ್ರಾಸ್ ಮರದ ಎಲೆಯನ್ನು ಒಣಗಿಸಿ ಕುಟ್ಟಿದ ಪುಡಿ. ಅದು ಚಾಕ್ಟಾ ಜನರ ಕಾಣಿಕೆ. ಒಲೆಯಿಂದ ಇಳಿಸಿದ ಮೇಲೆ ಹಾಕಬೇಕು, ಕುದಿಯುವಾಗ ಹಾಕಿದರೆ ನೂಲು ನೂಲಾಗಿ ಎಳೆಯುತ್ತದೆ. ಮೂರನೆಯದು ರೂ, ಅಂದರೆ ಕೊಬ್ಬಿನಲ್ಲಿ ಹುರಿದ ಹಿಟ್ಟು. ಇದು ಫ್ರೆಂಚರದ್ದು, ಆದರೆ ಫ್ರಾನ್ಸಿನ ಬಾಣಸಿಗರು ಬೆಣ್ಣೆಯಲ್ಲಿ ಹಿಟ್ಟನ್ನು ತಿಳಿ ಬಣ್ಣಕ್ಕೆ ಹುರಿದು ನಿಲ್ಲಿಸುವುದು ಹೆಚ್ಚು. ಕೇಜನ್ನರು ಅಲ್ಲಿಂದ ಮುಂದೆ ಹೋಗುತ್ತಾರೆ. ತುಂಬಾ ಮುಂದೆ.

ರೂ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಬೇಜಾರಾಗಬೇಡಿ. ದಪ್ಪ ತಳದ ಬಾಣಲೆ ಬೇಕು. ನನ್ನ ಹತ್ತಿರ ಅಮ್ಮ ಕೊಟ್ಟ ಬೀಡು ಕಬ್ಬಿಣದ ಬಾಣಲೆ ಇದೆ. ಎಣ್ಣೆ ಒಂದು ಕಪ್, ಮೈದಾ ಒಂದು ಕಪ್. ಅಲ್ಲಿ ಹಂದಿಯ ಕೊಬ್ಬೋ ಅಡುಗೆ ಎಣ್ಣೆಯೋ ಬಳಸುತ್ತಾರೆ, ನಾನು ಕಡಲೆಕಾಯಿ ಎಣ್ಣೆ. ಬೆಣ್ಣೆ ಬೇಡ, ಅದರ ಹಾಲಿನಂಶ ಬೇಗ ಕರಿಯಾಗುತ್ತದೆ. ಸಣ್ಣ ಉರಿ. ಮರದ ಸೌಟಿನಲ್ಲಿ ತಿರುವುತ್ತಾ ಇರಬೇಕು. ಫೋನು ಬಂದರೆ ಎತ್ತಬಾರದು, ಬಾಗಿಲು ಬಡಿದರೆ ಬೇರೆಯವರು ತೆಗೆಯಬೇಕು. ಮೊದಲು ಹಸಿ ಹಿಟ್ಟಿನ ವಾಸನೆ. ಆಮೇಲೆ ಬಿಸ್ಕತ್ತಿನ ವಾಸನೆ. ಹದಿನೈದು ಇಪ್ಪತ್ತು ನಿಮಿಷಕ್ಕೆ ಕಡಲೆಬೀಜದ ಬಣ್ಣ, ಇನ್ನೂ ತಿರುವಿದರೆ ಜೋನಿ ಬೆಲ್ಲದ ಬಣ್ಣ, ಮುಕ್ಕಾಲು ಗಂಟೆ ಹೊತ್ತಿಗೆ ಹಳೇ ಹುಣಸೆಹಣ್ಣಿನ ಬಣ್ಣ. ಅಲ್ಲಿಂದ ಸುಟ್ಟುಹೋಗುವುದಕ್ಕೆ ಅರ್ಧ ನಿಮಿಷ ಸಾಕು. ಕಪ್ಪು ಚುಕ್ಕೆ ಕಂಡಿತೋ, ಅದನ್ನು ಚೆಲ್ಲಿ ಮೊದಲಿಂದ ಶುರು ಮಾಡಬೇಕು. ಕಹಿಯನ್ನು ಯಾವ ಮಸಾಲೆಯೂ ಮುಚ್ಚುವುದಿಲ್ಲ.

ಇದರಲ್ಲಿ ಒಂದು ತಮಾಷೆ ಇದೆ. ಹಿಟ್ಟು ಕಪ್ಪಾದಷ್ಟೂ ಸಾರನ್ನು ದಪ್ಪ ಮಾಡುವ ಶಕ್ತಿ ಕಡಿಮೆ ಆಗುತ್ತದೆ. ಬಿಸಿಗೆ ಪಿಷ್ಟದ ಉದ್ದ ಸರಪಳಿಗಳು ತುಂಡಾಗುತ್ತವೆ, ನೀರನ್ನು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಅಂದರೆ ಮುಕ್ಕಾಲು ಗಂಟೆ ಕೈ ನೋಯಿಸಿಕೊಳ್ಳುವುದು ದಪ್ಪಕ್ಕಲ್ಲ, ಬರೀ ರುಚಿಗೆ. ನನಗೆ ಇದು ತುಂಬಾ ಇಷ್ಟವಾದ ವಿಷಯ. ಈಗ ಅಲ್ಲಿಯ ಅಂಗಡಿಗಳಲ್ಲಿ ಬಾಟಲಿಯಲ್ಲಿ ಹುರಿದ ರೂ ಸಿಗುತ್ತದೆ, ಅಜ್ಜಿಯರೂ ಸದ್ದಿಲ್ಲದೆ ಅದನ್ನೇ ತರುತ್ತಾರಂತೆ. ತರಲಿ ಬಿಡಿ. ನಾವು ಮಸಾಲೆ ಪುಡಿ ಪ್ಯಾಕೆಟ್ ತರುವುದಿಲ್ಲವಾ?

ರೂ ಹದಕ್ಕೆ ಬಂದ ಕೂಡಲೇ ಹೆಚ್ಚಿಟ್ಟ ಈರುಳ್ಳಿ, ಸೆಲೆರಿ, ಹಸಿರು ದೊಣ್ಣೆ ಮೆಣಸಿನಕಾಯಿ ಮೂರನ್ನೂ ಸುರಿಯಬೇಕು. ಚುಂಯ್ ಅಂತ ಸದ್ದು, ಮನೆ ತುಂಬಾ ಘಮ. ತರಕಾರಿಯ ನೀರು ಬಿಸಿಯನ್ನು ಇಳಿಸಿ, ಹಿಟ್ಟು ಇನ್ನಷ್ಟು ಕಪ್ಪಾಗುವುದನ್ನು ತಡೆಯುತ್ತದೆ. ಈ ಮೂರಕ್ಕೆ ಅವರು ಪವಿತ್ರ ತ್ರಿತ್ವ ಅಂತ ಹೆಸರಿಟ್ಟಿದ್ದಾರೆ. ಕ್ಯಾಥೋಲಿಕರಲ್ಲವಾ, ತಮಾಷೆಯೂ ಚರ್ಚಿನದ್ದೇ. ಫ್ರಾನ್ಸಿನಲ್ಲಿ ಇದೇ ಜಾಗದಲ್ಲಿ ಕ್ಯಾರೆಟ್ ಇತ್ತು, ಇಲ್ಲಿ ಅದರ ಬದಲು ದೊಣ್ಣೆ ಮೆಣಸಿನಕಾಯಿ ಬಂತು.

ನಮ್ಮ ಅತ್ತೆ ಮದ್ದೂರು ಕಡೆಯವರು. ನಾನು ಮೈದಾ ಹುರಿಯುತ್ತಾ ನಿಂತದ್ದನ್ನು ನೋಡಿ, "ಅದೇನವ್ವ ಅದು, ಹಿಟ್ಟು ಸೀಯಿಸ್ತಾ ನಿಂತಿದ್ದೀಯಲ್ಲ?" ಅಂದರು. ಇನ್ನೂ ಸೀಯಬೇಕು ಅತ್ತೆ ಅಂದೆ. ಅವರು ಕೆಟ್ಟಿತು ಇವತ್ತಿನ ಊಟ ಅನ್ನುವ ಮುಖ ಮಾಡಿಕೊಂಡು ಟಿವಿ ಮುಂದೆ ಕೂತರು. ರಾತ್ರಿ ಕೋಳಿ ಗಂಬೋವನ್ನು ಅನ್ನದ ಜೊತೆ ಬಡಿಸಿದೆ. ಎರಡನೇ ಸಲ ಹಾಕಿಸಿಕೊಂಡು, "ಅನ್ನಕ್ಕಿಂತ ಮುದ್ದೆಗೆ ಚೆಂದಾಗಿರ್ತದೆ ಕಣವ್ವ" ಅಂತ ತೀರ್ಪು ಕೊಟ್ಟರು. ಮಾರನೇ ದಿನ ಮುದ್ದೆ ಮಾಡಿ ನೋಡಿದೆವು. ಅವರು ಹೇಳಿದ್ದು ನಿಜ. ಲಫಾಯೆಟ್‌ನವರು ಕೇಳಿದರೆ ನಕ್ಕಾರು, ಆದರೆ ಅವರೂ ಗಂಬೋ ಬಟ್ಟಲಿನ ಮಧ್ಯಕ್ಕೆ ಆಲೂಗಡ್ಡೆ ಸಲಾಡ್ ಒಂದು ಸೌಟು ಇಟ್ಟುಕೊಂಡು ತಿನ್ನುವವರು. ನಮಗೆ ಹೇಳಲು ಅವರಿಗೇನು ಅಧಿಕಾರ!

ಟೊಮೇಟೊ ವಿಷಯದಲ್ಲಿ ಮಾತ್ರ ಅಲ್ಲಿ ಜಗಳ ಆಗುತ್ತದೆ. ನ್ಯೂ ಆರ್ಲಿಯನ್ಸ್ ಪೇಟೆಯ ಅಡುಗೆಗೆ ಕ್ರಿಯೋಲ್ ಅನ್ನುತ್ತಾರೆ, ಅದರಲ್ಲಿ ಟೊಮೇಟೊ, ಬೆಣ್ಣೆ, ಕ್ರೀಮ್ ಎಲ್ಲ ಧಾರಾಳ. ಹಳ್ಳಿಯ ಕೇಜನ್ನರು ಗಂಬೋಕ್ಕೆ ಟೊಮೇಟೊ ಮುಟ್ಟಿಸುವುದಿಲ್ಲ. ಜಂಬಲಾಯಾ ಅನ್ನುವ ಮಾಂಸದ ಅನ್ನ ಕೂಡ ಹಾಗೇ, ಪೇಟೆಯದ್ದು ಕೆಂಪು, ಹಳ್ಳಿಯದ್ದು ಕಂದು. ಆ ಕಂದು ಯಾವ ಪುಡಿಯಿಂದಲೂ ಬಂದದ್ದಲ್ಲ. ಬೀಡು ಪಾತ್ರೆಯಲ್ಲಿ ಮಾಂಸ ಹುರಿದು, ತಳಕ್ಕೆ ಅಂಟಿದ್ದನ್ನು ನೀರು ಹಾಕಿ ಕೆರೆದು, ಅದರಲ್ಲೇ ಅಕ್ಕಿ ಬೇಯಿಸಿದ್ದರಿಂದ ಬಂದದ್ದು. ಹಾಗಂತ ಕೇಜನ್ನರಿಗೆ ಟೊಮೇಟೊ ಕಂಡರೆ ಆಗದು ಅಂತೇನಿಲ್ಲ. ಸಾಸ್ ಪಿಕಾಂಟ್ ಅನ್ನುವ ಗಸಿಗೆ ರೂ ಜೊತೆ ಟೊಮೇಟೊ ಹಾಕುತ್ತಾರೆ, ಆಮೆ, ಅಲಿಗೇಟರ್, ಮೊಲ ಏನು ಸಿಕ್ಕರೂ ಅದರಲ್ಲಿ ಬೇಯಿಸುತ್ತಾರೆ. ಇದಕ್ಕೆ ಖಾರ ಸ್ವಲ್ಪ ಜಾಸ್ತಿ.

ಹಾಗಾದರೆ ಕೆಂಪು ಪುಡಿಗೆ ಈ ಹೆಸರು ಬಂದದ್ದು ಹೇಗೆ? ಓಪೆಲೂಸಸ್ ಅಂತ ಒಂದು ಊರಿದೆ, ಲಫಾಯೆಟ್ ಹತ್ತಿರ. ಟೋನಿ ಸ್ಯಾಶರಿ ಹೆಸರಿನ ಮಸಾಲೆ ಕಂಪನಿ 1972ರಲ್ಲಿ ಅಲ್ಲೇ ಶುರುವಾಯಿತು. ಪಾಲ್ ಪ್ರೂಡೋಮ್ ಅನ್ನುವ ಬಾಣಸಿಗ 1940ರಲ್ಲಿ ಹುಟ್ಟಿದ್ದೂ ಅಲ್ಲೇ, ಹದಿಮೂರು ಮಕ್ಕಳಲ್ಲಿ ಕೊನೆಯವನಾಗಿ. ಅವನು 1979ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹೋಟೆಲು ತೆರೆದ. ರೆಡ್‌ಫಿಶ್ ಮೀನನ್ನು ಕರಗಿದ ಬೆಣ್ಣೆಯಲ್ಲಿ ಅದ್ದಿ, ಮಸಾಲೆ ಮೆತ್ತಿ, ಕೆಂಡದಂತೆ ಕಾದ ಕಬ್ಬಿಣದ ಕಾವಲಿ ಮೇಲೆ ಕಪ್ಪಗೆ ಸುಟ್ಟುಕೊಟ್ಟ. ಅಮೆರಿಕ ಪೂರ್ತಿ ಅದಕ್ಕೆ ಹುಚ್ಚು ಹಿಡಿಯಿತು. ಎಷ್ಟು ಅಂದರೆ 1980ರ ದಶಕದಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಆ ಮೀನು ಖಾಲಿಯಾಗುವ ಭಯ ಹುಟ್ಟಿ, ಸರ್ಕಾರ ವ್ಯಾಪಾರಕ್ಕೆ ಹಿಡಿಯುವುದನ್ನು ತಡೆಯಬೇಕಾಯಿತು. ಮೀನಿಗೆ ತಡೆ ಬಿತ್ತು, ಮಸಾಲೆಗೆ ಬೀಳಲಿಲ್ಲ. ಅದನ್ನು ಕೋಳಿ, ಪಾಸ್ತಾ, ಆಲೂಗಡ್ಡೆ ಯಾವುದಕ್ಕೆ ಬೇಕಾದರೂ ಹಾಕಬಹುದಿತ್ತು. ಹಾಗೆ ಒಂದು ಹೋಟೆಲಿನ ಹೊಸ ತಿಂಡಿ ಒಂದು ಜನಾಂಗದ ಇಡೀ ಅಡುಗೆಯ ಗುರುತಾಗಿಬಿಟ್ಟಿತು. ಪ್ರೂಡೋಮ್ ದೊಡ್ಡ ಬಾಣಸಿಗ, ಅದರಲ್ಲಿ ಎರಡು ಮಾತಿಲ್ಲ. ಅವನ ಗಂಬೋ ಹೆಸರುವಾಸಿಯಾಗಿ, ಮೀನು ಹಿಂದೆ ಉಳಿದಿದ್ದರೆ ಚೆನ್ನಾಗಿತ್ತು ಅಂತ ನನ್ನ ಆಸೆ ಅಷ್ಟೇ.

ಖಾರದ ನಿಜವಾದ ಕತೆ ಬೇಕಾದರೆ ಲೂಯಿಸಿಯಾನಾದ ಏವರಿ ದ್ವೀಪಕ್ಕೆ ಹೋಗಬೇಕು. ಅದು ಸಮುದ್ರದ ದ್ವೀಪ ಅಲ್ಲ, ಜೌಗಿನ ನಡುವೆ ಎದ್ದು ನಿಂತ ಉಪ್ಪಿನ ಗುಡ್ಡ. ಎಡ್ಮಂಡ್ ಮ್ಯಾಕ್‌ಇಲ್ಹೆನಿ 1868ರಲ್ಲಿ ಅಲ್ಲಿ ಮಾರಾಟಕ್ಕೆಂದು ಮೆಣಸು ಬೆಳೆದು, ಮುಂದಿನ ವರ್ಷ 658 ಬಾಟಲಿ ಟಬಾಸ್ಕೋ ಸಾಸ್ ಮಾರಿದ. ಕೆಲಸಗಾರರ ಕೈಯಲ್ಲಿ ಕೆಂಪು ಬಣ್ಣ ಬಳಿದ ಸಣ್ಣ ಕೋಲು ಇರುತ್ತಿತ್ತು. ಹಣ್ಣಿನ ಕೆಂಪು ಕೋಲಿನ ಕೆಂಪಿಗೆ ಸರಿ ಹೊಂದಿದರೆ ಮಾತ್ರ ಕೀಳುವುದು. ಅರೆದ ಮೆಣಸಿಗೆ ಉಪ್ಪು ಬೆರೆಸಿ ಓಕ್ ಪೀಪಾಯಿಯಲ್ಲಿ ತುಂಬಿ, ಮುಚ್ಚಳದ ಮೇಲೆ ದಪ್ಪಗೆ ಉಪ್ಪು ಹರಡಿ, ಮೂರು ವರ್ಷದ ತನಕ ಇಡುತ್ತಾರೆ. ಆಮೇಲೆ ವಿನೆಗರ್. ಉಪ್ಪಿನಲ್ಲಿ ಹಾಕಿಟ್ಟು ಕಾಯುವುದು ನಮಗೇನು ಹೊಸತಾ? ಮಳೆಗಾಲಕ್ಕೆ ಹಲಸಿನ ಸೊಳೆಯನ್ನು ಉಪ್ಪಡ್ ಹಾಕಿಟ್ಟುಕೊಳ್ಳುವವರು ನಾವು. ಅಂದಹಾಗೆ ಟಬಾಸ್ಕೋ ಮೆಣಸೂ ನಮ್ಮ ಗಾಂಧಾರಿ ಮೆಣಸೂ ಒಂದೇ ಜಾತಿ, ಕ್ಯಾಪ್ಸಿಕಮ್ ಫ್ರೂಟೆಸೆನ್ಸ್. ಸಾಸ್ ಬಾಟಲಿ ಮೇಜಿನ ಮೇಲೆ ಇರುತ್ತದೆ, ಬೇಕಾದವರು ಹಾಕಿಕೊಳ್ಳುತ್ತಾರೆ. ಗಂಬೋ ಪಾತ್ರೆಯ ಜವಾಬ್ದಾರಿ ಅದಲ್ಲ.

ಕಾರಿನಲ್ಲಿ ಹೋಗುವಾಗ ಗದ್ದೆಗಳ ನೀರಿನ ಮಧ್ಯೆ ಸಾಲು ಸಾಲಾಗಿ ಬಲೆಯ ಬುಟ್ಟಿಗಳು ಕಂಡವು. ಬೇಸಿಗೆಯಲ್ಲಿ ಭತ್ತ ಬೆಳೆದು, ಕೊಯ್ಲಾದ ಮೇಲೆ ಅದೇ ಗದ್ದೆಗೆ ನೀರು ಬಿಟ್ಟು ಕ್ರಾಫಿಶ್ ಹಿಡಿಯುತ್ತಾರೆ. ಸಿಹಿನೀರಿನ ಸಿಗಡಿಯಂಥ ಪ್ರಾಣಿ, ಮುಂದೆ ಚಿಕ್ಕ ಕೊಂಡಿಗಳು. ಭತ್ತದ ಕೂಳೆಯೇ ಅದಕ್ಕೆ ಆಹಾರ. ನೋಡಿದ ಕೂಡಲೇ ನನಗೆ ಕುಮಟಾದ ಅಘನಾಶಿನಿ ಅಳಿವೆಯ ಗಜನಿ ನೆಲ ನೆನಪಾಯಿತು. ಮಾಣಿಕಟ್ಟಾ ಕಡೆ ಉಪ್ಪು ನೀರು ತಡೆಯುವ ಕಗ್ಗ ಭತ್ತ ಬೆಳೆದು, ಕೊಯ್ಲಾದ ಮೇಲೆ ಉಬ್ಬರದ ನೀರು ಒಳಗೆ ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರಲ್ಲ, ಲೆಕ್ಕಾಚಾರ ಅದೇ. ವ್ಯತ್ಯಾಸ ಏನೆಂದರೆ ಕ್ರಾಫಿಶ್ ಊರಾದ ಬ್ರೋ ಬ್ರಿಜ್‌ನಲ್ಲಿ ಪ್ರತಿ ವರ್ಷ ಜಾತ್ರೆ ಮಾಡುತ್ತಾರೆ, ಹೊರಗಿನವರು ಬರುತ್ತಾರೆ, ಎಟೂಫೇ ಅನ್ನುವ ಕ್ರಾಫಿಶ್ ಗಸಿ ತಿನ್ನುತ್ತಾರೆ. ನಮ್ಮ ಕಗ್ಗದ ಹೆಸರು ಬೆಂಗಳೂರಿನಲ್ಲಿ ಕೇಳಿದರೆ ಪದ್ಯದ ಪುಸ್ತಕ ಅಂದುಕೊಳ್ಳುತ್ತಾರೆ.

ಲೂಯಿಸಿಯಾನಾದ ಅನ್ನದ ಹಿಂದೆಯೂ ಸುಖದ ಕತೆ ಇಲ್ಲ. 1719ರಲ್ಲಿ ಲೂಯಿಸಿಯಾನಾಕ್ಕೆ ಬಂದ ಮೊದಲ ಗುಲಾಮರ ಹಡಗುಗಳ ಕಪ್ತಾನರಿಗೆ, ಭತ್ತದ ಬೀಜವನ್ನೂ ಭತ್ತ ಬೆಳೆಯಲು ಗೊತ್ತಿರುವ ಆಫ್ರಿಕನ್ನರನ್ನೂ ತನ್ನಿ ಅಂತ ಅಪ್ಪಣೆ ಆಗಿತ್ತು. ಯಾವ ವಿದ್ಯೆಗಾಗಿ ಹಿಡಿದು ತಂದರೋ ಆ ವಿದ್ಯೆಯ ಹೆಸರು ಅವರಿಗೆ ಸಿಗಲಿಲ್ಲ.

ಒಣ ಸಿಗಡಿಯದ್ದು ಇನ್ನೊಂದು ಕತೆ. ಬರಾಟಾರಿಯಾ ಕೊಲ್ಲಿಯಲ್ಲಿ ಫಿಲಿಪೀನ್ಸ್ ಜನ ನೀರಿನ ಮೇಲೆ ಕಂಬ ನೆಟ್ಟು, ಮರದ ಅಟ್ಟ ಕಟ್ಟಿ, ಮನಿಲಾ ವಿಲೇಜ್ ಅಂತ ಊರು ಮಾಡಿಕೊಂಡಿದ್ದರು. ಸಿಗಡಿಯನ್ನು ಬೇಯಿಸಿ ಅಟ್ಟದ ಮೇಲೆ ಬಿಸಿಲಿಗೆ ಹರಡಿ, ಒಣಗಿದ ಮೇಲೆ ಅದರ ಮೇಲೆ ಸುತ್ತು ಸುತ್ತು ಕುಣಿದು ಸಿಪ್ಪೆ ಬಿಡಿಸುತ್ತಿದ್ದರು. 1965ರ ಬೆಟ್ಸಿ ಚಂಡಮಾರುತಕ್ಕೆ ಅದು ಹಾಳಾಯಿತು. ಒಣ ಸಿಗಡಿ ಮಾತ್ರ ಈಗಲೂ ಅಲ್ಲಿಯ ಗಂಬೋಕ್ಕೆ ಬೀಳುತ್ತದೆ. ನನಗೆ ಇದು ದೊಡ್ಡ ಅನುಕೂಲ ಆಯಿತು. ಅವರ ಹೊಗೆ ಹಾಕಿದ ಆಂಡೂಯಿ ಸಾಸೇಜ್ ಇಲ್ಲಿ ಸಿಗುವುದು ಕಷ್ಟ, ಊರಿಂದ ಬರುವ ಒಣ ಸಿಗಡಿಗೆ ನಮ್ಮ ಮನೆಯಲ್ಲಿ ಬರವಿಲ್ಲ. ಚಟ್ನಿಗೆ ಇಟ್ಟದ್ದರಲ್ಲಿ ಒಂದು ಹಿಡಿ ತೆಗೆದು ತಲೆ, ಬಾಲ ಮುರಿದು ಗಂಬೋಕ್ಕೆ ಹಾಕುತ್ತೇನೆ.

ನನಗೆ ಎಲ್ಲಕ್ಕಿಂತ ಆಶ್ಚರ್ಯ ತಂದದ್ದು ಸೊಪ್ಪಿನ ಗಂಬೋ. ಇದು ನ್ಯೂ ಆರ್ಲಿಯನ್ಸ್‌ನದ್ದು, ಗುಡ್ ಫ್ರೈಡೇ ಹಿಂದಿನ ಗುರುವಾರದ ಅಡುಗೆ. ಅಲ್ಲಿ ಡೂಕಿ ಚೇಸ್ ಹೋಟೆಲಿನ ಲಿಯಾ ಚೇಸ್, 2019ರಲ್ಲಿ ತೀರಿಕೊಂಡರು, ಒಂಬತ್ತು ಬಗೆ ಸೊಪ್ಪು ಹಾಕುತ್ತಿದ್ದರು. ಸಾಸಿವೆ ಸೊಪ್ಪು, ಪಾಲಕ್, ಬೀಟ್‌ರೂಟಿನ ಸೊಪ್ಪು, ಕ್ಯಾರೆಟ್ಟಿನ ಸೊಪ್ಪು ಹೀಗೆ. ಸೊಪ್ಪಿನ ಲೆಕ್ಕ ಬೆಸ ಸಂಖ್ಯೆಯೇ ಇರಬೇಕು. ಎಷ್ಟು ಬಗೆ ಸೊಪ್ಪೋ ಅಷ್ಟು ಹೊಸ ಸ್ನೇಹಿತರು ಸಿಗುತ್ತಾರೆ ಅಂತ ನಂಬಿಕೆ.

ಇದನ್ನು ನಮ್ಮ ಕೆಳಗಿನ ಮನೆಯ ಆಂಟಿಗೆ ಹೇಳಿದೆ. ಅವರು ಮಂಗಳೂರಿನ ಕ್ಯಾಥೋಲಿಕರು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಅವರ ಮನೆಯಲ್ಲಿ ಮೀನು ಮಾಂಸ ಇಲ್ಲ, ಹೊಸ ಭತ್ತದ ತೆನೆ ಪೂಜೆ ಮಾಡಿಸಿ ತಂದು, ತರಕಾರಿ ಊಟ. ತರಕಾರಿಯ ಬಗೆಗಳು ಮೂರು, ಐದು, ಏಳು, ಒಂಬತ್ತು. "ಎಂಟು ಮಾತ್ರ ಇಲ್ಲ ಮಾರಾಯ್ತಿ, ಒಂದು ಕಮ್ಮಿ ಆದ್ರೆ ಉಪ್ಪಿನಕಾಯಿಯನ್ನಾದ್ರೂ ಲೆಕ್ಕಕ್ಕೆ ಸೇರಿಸ್ತೇವೆ" ಅಂದರು. ಎರಡು ಕಡಲ ತೀರ, ನಡುವೆ ಅರ್ಧ ಭೂಮಿ, ಎರಡೂ ಕಡೆ ಕ್ಯಾಥೋಲಿಕ್ ಹಬ್ಬಕ್ಕೆ ಬೆಸ ಲೆಕ್ಕದ ಹಸಿರು. ಒಂದರಿಂದ ಇನ್ನೊಂದು ಬಂತು ಅಂತ ನಾನು ಹೇಳುತ್ತಿಲ್ಲ. ಆದರೆ ಕೇಳಿದಾಗ ಮೈ ಜುಂ ಅಂದದ್ದು ಹೌದು.

ಈ ವರ್ಷ ಆಂಟಿಯೂ ನಾನೂ ಸೇರಿ ಸೊಪ್ಪಿನ ಗಂಬೋ ಮಾಡಿದೆವು. ಹರಿವೆ, ಪಾಲಕ್, ಬಸಳೆ, ನುಗ್ಗೆ ಸೊಪ್ಪು, ಮೂಲಂಗಿ ಸೊಪ್ಪು, ಸಬ್ಬಸಿಗೆ, ಮೆಂತ್ಯ. ಏಳು. ಸಬ್ಬಸಿಗೆ ಹಾಕಬಾರದಿತ್ತು ಅಂತ ಆಂಟಿ, ಅದೇ ರುಚಿ ಕೊಟ್ಟದ್ದು ಅಂತ ಅತ್ತೆ. ಅತ್ತೆಯ ಪ್ರಕಾರ ಇದು ಮಸ್ಸೊಪ್ಪಿಗೆ ಮೈದಾ ಹಾಕಿ ಕೆಡಿಸಿದ್ದು.

ಮಾಡಿ ನೋಡುವವರಿಗೆ ಎರಡು ಮಾತು. ಸೆಲೆರಿ ಶಿವಾಜಿನಗರದ ರಸೆಲ್ ಮಾರ್ಕೆಟಿನಲ್ಲಿ ಸಿಗುತ್ತದೆ, ಪಕ್ಕದಲ್ಲೇ ಮೀನೂ ಸಿಗುತ್ತದೆ, ಬೆಳಿಗ್ಗೆ ಬೇಗ ಹೋಗಿ. ಸೆಪ್ಟೆಂಬರ್ ಮೊದಲ ವಾರ ಹೋಗಬೇಡಿ, ಎದುರಿನ ಸೇಂಟ್ ಮೇರೀಸ್ ಬೆಸಿಲಿಕಾದ ಹಬ್ಬಕ್ಕೆ ಕಾಲಿಡಲು ಜಾಗ ಇರುವುದಿಲ್ಲ. ಬೆಂಡೆಕಾಯಿ ಹಾಕುವುದಾದರೆ ಬೇರೆ ಬಾಣಲೆಯಲ್ಲಿ ಲೋಳೆ ಹೋಗುವ ತನಕ ಹುರಿದು ಹಾಕಿ. ಮೈದಾ ಬದಲು ಗೋಧಿ ಹಿಟ್ಟು ಆಗುತ್ತದಾ ಅಂತ ಕೇಳಬೇಡಿ, ತವುಡು ಮೊದಲು ಸುಡುತ್ತದೆ. ಗಂಬೋ ಅವತ್ತಿಗಿಂತ ಮಾರನೇ ದಿನ ಚೆನ್ನಾಗಿರುತ್ತದೆ, ಹಾಗಾಗಿ ಶನಿವಾರ ಮಾಡಿ ಭಾನುವಾರ ತಿನ್ನಿ. ಸೆಲೆರಿ ಸಿಗದಿದ್ದರೆ ಸುಮ್ನೆ ಬಿಟ್ಟುಬಿಡಿ. ಅದರ ಜಾಗಕ್ಕೆ ಕ್ಯಾರೆಟ್ ಮಾತ್ರ ಹಾಕಬೇಡಿ.